ಓತಿಕ್ಯಾತದ ನೆತ್ತಿಯ ಕಣ್ಣು

ನಮ್ಮ ಜಿಗಣಿಯಲ್ಲಿ ಮೂರನೇ ಕಣ್ಣು ಎಂದರೆ ಸಿಸಿ ಕ್ಯಾಮೆರಾ. ನಾನು ಕೆಲಸ ಮಾಡುವ ಕಾರ್ಖಾನೆಯ ಗೇಟಿನಲ್ಲೂ ಹಾಗೆಂದೇ ಬೋರ್ಡು ಹಾಕಿದ್ದಾರೆ. ಟೀಚರ್ ಟ್ರೇನಿಂಗ್ ಮಾಡುತ್ತಿರುವ ತಂಗಿ ಸವಿತಾ, ಕಾಂಪೌಂಡಿನ ಮೇಲೆ ಬಿಸಿಲು ಕಾಯಿಸುತ್ತಿದ್ದ ಓತಿಕ್ಯಾತವನ್ನು ತೋರಿಸಿ, "ಇದಕ್ಕೂ ನೆತ್ತಿ ಮೇಲೆ ಮೂರನೇ ಕಣ್ಣಿದೆ ಕಣಣ್ಣ" ಎಂದಳು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಕೇಳಿದ್ದು ಒಂದೇ: "ರೆಕಾರ್ಡಿಂಗ್ ಎಷ್ಟು ದಿನ ಇರತ್ತೆ?"

ಅವಳು ಹಣೆ ಚಚ್ಚಿಕೊಂಡು ವಿವರಿಸಿದಳು. ಹುರುಪೆಗಳ ನಡುವೆ ಸಾಸಿವೆಗಿಂತ ಚಿಕ್ಕ ಚುಕ್ಕೆ. ಅದಕ್ಕೆ ಆಕಾರ ಕಾಣದು. ಬೆಳಕು ಬಂತೇ, ನೆರಳು ಬಿತ್ತೇ, ಅಷ್ಟೇ ತಿಳಿಯುವುದು. ಕೆಲವು ಕಪ್ಪೆಗಳಿಗೂ ಅಂಥದ್ದೇ ಇದೆಯಂತೆ. ಲೊಚಗುಟ್ಟುವ ಮನೆಯ ಹಲ್ಲಿಗೆ ಮಾತ್ರ ಇಲ್ಲವಂತೆ. ಅಮ್ಮನಿಗೆ ಇದು ದೊಡ್ಡ ಪೆಟ್ಟು. "ಅದೂ ಇಲ್ದೆ ಇಷ್ಟು ವರ್ಸ ನಮ್ಗೆ ಶಕುನ ಯೋಳ್ತಿತ್ತಾ?"

ಸವಿತಾ ಹತ್ತು ದಿನ ಆ ಓತಿಕ್ಯಾತವನ್ನು ಗಮನಿಸಿ, ಬರೆದು, ತರಗತಿಯಲ್ಲಿ ಓದಬೇಕಿತ್ತು. "ಅದರ ತಂಟೆಗೆ ಹೋಗ್ಬೇಡ" ಎಂದು ದಿನವೂ ಎಚ್ಚರಿಸುತ್ತಿದ್ದಳು. ಆರನೇ ದಿನ ನನಗೆ ಪರೀಕ್ಷಿಸುವ ಚಪಲ ಹತ್ತಿತು. ಹಿಂದಿನಿಂದ ಮೆಲ್ಲಗೆ ಹೋಗಿ ಅದರ ನೆತ್ತಿಗೆ ಮೊರ ಅಡ್ಡ ಹಿಡಿದೆ. ಅದು ಪಕ್ಕದ ಖಾಲಿ ಸೈಟಿನ ಪೊದೆಗೆ ಹಾರಿತು. ಮತ್ತೆ ಬರಲಿಲ್ಲ.

ಸವಿತಾ ಕೇಳಿದಾಗ "ಕಾಗೆ ಎತ್ಕೊಂಡು ಹೋಯ್ತು" ಅಂದುಬಿಟ್ಟೆ. ಓತಿಕ್ಯಾತದ ಆ ಕಣ್ಣಿಗೆ ನಾನು ಬರೀ ನೆರಳು, ಸಾಕ್ಷಿ ಹೇಳಲಾರದು ಎಂಬ ಧೈರ್ಯ. ಅವಳು 'ಕಾಗೆಗೆ ಆಹಾರವಾಯಿತು' ಎಂದು ಬರೆದು, ಊಟ ಬಿಟ್ಟು ಮಲಗಿದಳು. ನನ್ನ ಸುಳ್ಳು ವಿಜ್ಞಾನವಾಗಿಬಿಟ್ಟಿತ್ತು. ಆ ಸಂಕಟದಲ್ಲೂ ನಾನು ಎರಡು ಮುದ್ದೆ ಉಂಡೆ ಎನ್ನುವುದನ್ನೂ ಒಪ್ಪಿಕೊಳ್ಳಬೇಕು.

ತರಗತಿಯಲ್ಲಿ ಓದುವ ದಿನ ಅವಳು ಚಪ್ಪಲಿ ಹಾಕಿಕೊಳ್ಳುವಾಗ ಬಾಯಿಬಿಟ್ಟೆ. "ಕಾಗೆ ಅಲ್ಲ ಸವಿ. ನಾನೇ ಮೊರ ಹಿಡಿದು ಓಡಿಸ್ದೆ."

ಅವಳು ನನ್ನನ್ನೇ ನೋಡಿದಳು. "ನಾಲ್ಕು ದಿನದಿಂದ ಆ ಕಾಗೆಗೆ ಶಾಪ ಹಾಕ್ತಿದೀನಲ್ಲೋ" ಎಂದು ನೋಟ್‌ಬುಕ್ಕು ನನ್ನ ಮುಂದೆ ಹಿಡಿದಳು. "ನೀನೇ ತಿದ್ದು."

ವರ್ಷಗಳ ಮೇಲೆ ಪೆನ್ನು ಹಿಡಿದಿದ್ದೆ. 'ಕಾಗೆಗೆ' ಎಂಬುದನ್ನು ಹೊಡೆದು 'ಅಣ್ಣನಿಗೆ' ಎಂದು ಬರೆದೆ. ಮುಂದಿನ ಪದದ ಕಡೆ ನನ್ನ ಗಮನ ಹೋಗಲಿಲ್ಲ. ಬಸ್ಸಿಗೆ ಹೊತ್ತಾಗಿ ಅವಳೂ ನೋಡಲಿಲ್ಲ. ತರಗತಿಯ ಮುಂದೆ ನಿಂತು ಜೋರಾಗಿ ಓದಿದಳು: "ಅಣ್ಣನಿಗೆ ಆಹಾರವಾಯಿತು."

ಸಂಜೆ ನಗುನಗುತ್ತಲೇ ಮನೆಗೆ ಬಂದಳು. ಅವಳ ಗೆಳತಿಯರ ಪಾಲಿಗೆ ನಾನೀಗ ಓತಿಕ್ಯಾತ ತಿಂದವನು. ತಂಗಿಗೆ ಸುಳ್ಳು ಹೇಳಿದವನು ಅನ್ನಿಸಿಕೊಳ್ಳುವುದಕ್ಕಿಂತ ಇದೇ ವಾಸಿ ಎಂದು ನಾನೂ ತಿದ್ದಲು ಹೋಗಿಲ್ಲ.