ಗಿಡ್ಡ ವೈರು

ಇಳಕಲ್ಲಿನ ಗ್ರಾನೈಟ್ ಫ್ಯಾಕ್ಟರಿಯೊಂದಕ್ಕೆ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಲು ಹೋಗಿದ್ದೆ. ಕೆಲಸದ ಮಾತು ಬಿಟ್ಟರೆ ಯಾರೂ ನನ್ನೊಂದಿಗೆ ಮಾತಾಡುತ್ತಿರಲಿಲ್ಲ. ಆಫೀಸಿನ ವೈ-ಫೈ ಕೆಟ್ಟಿದ್ದರಿಂದ ಲ್ಯಾಪ್‌ಟಾಪಿಗೆ ವೈರು ಚುಚ್ಚಿಕೊಂಡೇ ಕೂರಬೇಕಿತ್ತು. ವೈರು ಗಿಡ್ಡ, ಹಾಗಾಗಿ ಗುಮಾಸ್ತ ರಾಜಾಸಾಬರ ಮೇಜಿನ ತುದಿಯಲ್ಲೇ ನನಗೆ ಜಾಗ. ಮಧ್ಯಾಹ್ನ ಅವರು ಡಬ್ಬಿ ಬಿಚ್ಚಿ, "ಒಂದ್ ರೊಟ್ಟಿ ತಗೋರಿ. ಮನಿ ಕಡೆ ಎಲ್ಲಾರೂ ಆರಾಮ ಅದಾರೇನ್ರಿ?" ಎಂದರು. ಆ ಊರಲ್ಲಿ ನನ್ನ ಮನೆಯವರ ಬಗ್ಗೆ ಕೇಳಿದವರು ಅವರೊಬ್ಬರೇ.

ಮರುದಿನ ವೈ-ಫೈ ಸರಿಹೋಯಿತು. ಮಾಲೀಕರು, "ಇನ್ನ ಒಳಗ ಎಸಿ ರೂಮಿನ್ಯಾಗ ಕೂಡ್ರಿ" ಎಂದರು. ವೈರು ಕಿತ್ತು ಒಳಗೆ ಹೋದೆ. ಅಲ್ಲಿ ಯಾರೂ ಇರಲಿಲ್ಲ. ಕಲ್ಲು ಕೊಯ್ಯುವ ಸದ್ದು ಕೂಡ ಒಳಗೆ ಬರುತ್ತಿರಲಿಲ್ಲ. ಊಟದ ಹೊತ್ತಿಗೆ ತಡೆಯಲಾಗದೆ ಲ್ಯಾಪ್‌ಟಾಪ್ ಎತ್ತಿಕೊಂಡು ಮತ್ತೆ ರಾಜಾಸಾಬರ ಮೇಜಿಗೆ ಬಂದೆ.

"ವೈ-ಫೈ ಭಾಳ ನಿಧಾನ ಐತ್ರಿ" ಎಂದು ಸುಳ್ಳು ಹೇಳಿ ಮತ್ತೆ ವೈರು ಚುಚ್ಚಿದೆ. "ನೋಡ್ರಿ, ಈಗ ಹೆಂಗ ಓಡ್ತೈತಿ."

ರಾಜಾಸಾಬರು ಮೇಜಿನ ಕೆಳಗೆ ಇಣುಕಿದರು. "ನೀವು ಒಳಗ ಹೋದ ಮ್ಯಾಲೆ ಆ ವೈರಿನ ಇನ್ನೊಂದು ತುದಿ ಕಿತ್ತಿಟ್ಟೀನ್ರಿ" ಎಂದರು. ನನ್ನ ಮುಖ ಬಿಸಿಯಾಯಿತು. ಅವರು ಡಬ್ಬಿಯನ್ನು ನನ್ನತ್ತ ಸರಿಸಿ, "ಇರ್ಲಿ, ಉಣ್ಣೂಣು ಬರ್ರಿ" ಎಂದರು.

ಕೆಲಸವೇನೋ ವೈ-ಫೈಯಲ್ಲೇ ಮುಗಿಯಿತು. ವೈರು ಮಾತ್ರ ನಾನು ಊರು ಬಿಡುವವರೆಗೂ ಲ್ಯಾಪ್‌ಟಾಪಿಗೆ ಸುಮ್ಮನೆ ಜೋತುಬಿದ್ದಿತ್ತು.