ಇಂದ್ರವ್ವನ ಬುಟ್ಟಿ
ಕಸ ಎಂಬ ಮಾತು ಮುದುಕಿ ಇಂದ್ರವ್ವನಿಗೆ ಬೈಗುಳವಿದ್ದಂತೆ. ಜಮಖಂಡಿ ಸಂಸ್ಥಾನದವರು ಬನಹಟ್ಟಿಯ ನೇಕಾರ ಓಣಿಗೆ ಕಸದ ಬಂಡಿ ಕಳಿಸತೊಡಗಿದ ಮೇಲೆ, ಅದನ್ನು ಹೊಡೆಯುವ ಈರಪ್ಪನಿಗೆ ಈ ಸಂಗತಿ ದಿನವೂ ಮನದಟ್ಟಾಗುತ್ತಿತ್ತು. ಆಕೆಯ ಮನೆಯಲ್ಲಿ ಹರಿದ ಸೀರೆ ಮೊದಲು ಕೂಸಿನ ಹಾಸಿಗೆಯಾಗಿ, ಅಲ್ಲಿ ಸವೆದು ಕೌದಿಯ ತೇಪೆಯಾಗಿ, ಅದೂ ಪಿಸಿದು ಚಿಂದಿಯಾದ ಮೇಲೆ ಕೊಡ ಹೊರುವ ಸಿಂಬಿಯಾಗಿ, ಕಡೆಗೆ ದೀಪದ ಬತ್ತಿಯಾಗಿ ಉರಿದು ಮೊಮ್ಮಕ್ಕಳ ಕಣ್ಣಿಗೆ ಕಾಡಿಗೆಯಾಗುತ್ತಿತ್ತು. ಕಲಗಚ್ಚು ಎಮ್ಮೆಗೆ, ಎಮ್ಮೆಯ ಸಗಣಿ ಕುಳ್ಳಿಗೆ, ಕುಳ್ಳಿನ ಬೂದಿ ಪಾತ್ರೆ ತಿಕ್ಕುವುದಕ್ಕೆ. ಇಷ್ಟಕ್ಕೇ ಬಿಡದೆ, ನೆರೆಯವರು ಬಂಡಿಗೆಂದು ಹೊರಗಿಟ್ಟದ್ದನ್ನೂ ಈರಪ್ಪ ಬರುವ ಮೊದಲೇ ಎತ್ತಿ ಒಯ್ಯುತ್ತಿದ್ದಳು. "ನಿನಗ ಕೊಡಾಕ ಏನ ಐತೋ ಈರ್ಯಾ? ಎಲ್ಲಾ ಬೇಕಾದದ್ದ ಐತಿ" ಎಂದು ಅವನನ್ನು ಅಟ್ಟುವಳು. ಒಂದು ಮುಂಜಾನೆ ಈರಪ್ಪ ಬಂಡಿ ನಿಲ್ಲಿಸಿ ಕೈಮುಗಿದ. "ಯವ್ವಾ, ಈ ಓಣ್ಯಾಗಿಂದ ಬಂಡಿ ಖಾಲೀನ ತಿರಗತೈತಿ. ಹಿಂಗ ಆದ್ರ ನನಗ ಕೆಲಸ ಇಲ್ಲ ಅಂದಾರ ಸಾಹೇಬ್ರು." "ನಿನ್ನ ಸಾಹೇಬನ ಬಾಯಾಗ ಮಣ್ಣ ಹಾಕ!" ಎಂದು ಇಂದ್ರವ್ವ ಬಾಗಿಲು ಹಾಕಿಕೊಂಡಳು. ಮರುದಿನ ಅವಳ ಕಟ್ಟೆಯ ಮೇಲೆ ಬುಟ್ಟಿ ತುಂಬ ಬೂದಿ ಬಂಡಿಯ ದಾರಿ ಕಾಯುತ್ತಿತ್ತು. ಅಂಗಳದಲ್ಲಿ ಆಕೆ ಬರೀ ಮಣ್ಣು ಹಚ್ಚಿ ಪಾತ್ರೆ ತಿಕ್ಕುತ್ತಿದ್ದಳು. ಈರಪ್ಪ ಬುಟ್ಟಿಯ ಸಮೇತ ಬೂದಿಯನ್ನು ಬಂಡಿಗೇರಿಸಿದ. ಆಕೆ ತಲೆಯೆತ್ತದೆ ಕೂಗಿದಳು: "ಲೇ, ಬುಟ್ಟಿ ಇಟ್ಟ ಹೋಗ! ನಾಳಿಗಿ ತುಂಬಾಕ ಬೇಕು."