ರೂಜಾ ತೊಳೆದ ಬೆಳ್ಳಿ ಸೂಟು

ಬೆಳಿಗ್ಗೆ ಏಳೂವರೆಗೆ ಜೀಲಾಂಗ್ ಪಟ್ಟಣದ ಶೆಡ್ಡಿನಲ್ಲಿ, ಬಟ್ಟೆಗೆ ಬೆಳ್ಳಿ ಹಿಡಿಸುವ ತೊಟ್ಟಿಯ ಮುಂದೆ ನಿಂತು ಕೈಗವಸು ಏರಿಸುವಾಗ ರೂಜಾಳ ಮೂಗಿಗೆ ತನ್ನ ಬೆರಳಿನದೇ ಲ್ಯಾವೆಂಡರ್ ವಾಸನೆ ಬಡಿಯಿತು. ಅರ್ಧ ಏರಿದ ಕೈಗವಸು ಕಿತ್ತೆಸೆದಳು.

ನಿನ್ನೆ ಸಂಜೆ ಅವಳು ಮಗಳು ವೆಸ್ನಾಳ ಸೂಟು ತೊಳೆದಿದ್ದಳು. ವೆಸ್ನಾ, ಕರೆಂಟು ನಿಲ್ಲಿಸದೆಯೇ ದೊಡ್ಡ ಲೈನುಗಳನ್ನು ರಿಪೇರಿ ಮಾಡುವ ತಂಡದವಳು. ತಲೆಯಿಂದ ಪಾದದವರೆಗೆ ಬೆಳ್ಳಿ ಹಿಡಿಸಿದ ಬಟ್ಟೆ ತೊಟ್ಟರೆ ಕರೆಂಟು ಬಟ್ಟೆಯ ಮೇಲೇ ಹರಿದುಹೋಗುತ್ತದೆ, ಮೈ ಮುಟ್ಟುವುದಿಲ್ಲ. ಆ ಬಟ್ಟೆಗೆ ಬೆಳ್ಳಿ ಹಿಡಿಸುವವಳು ಈ ರೂಜಾಳೇ. ತೊಳೆದದ್ದು ತಪ್ಪಲ್ಲ. ಆದರೆ ಕೊನೆಯ ನೀರಿಗೆ, ಬಟ್ಟೆ ಮೆದು ಮಾಡುವ ಲ್ಯಾವೆಂಡರ್ ದ್ರವ ಒಂದು ಮುಚ್ಚಳ ಸುರಿದಿದ್ದಳು. ಅದು ಎಳೆ ಎಳೆಗೂ ಜಿಡ್ಡಿನ ಪೊರೆ ಕಟ್ಟಿ ಕರೆಂಟಿನ ದಾರಿ ಮುಚ್ಚಿಬಿಡುತ್ತದೆ.

ಗೊತ್ತಿರಲಿಲ್ಲವೇ ಅನ್ನಬೇಡಿ. ಅವಳಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು? ಆದರೆ ಹತ್ತೊಂಬತ್ತನೇ ವಯಸ್ಸಿಗೆ ಕ್ರೊಯೇಷಿಯಾದಿಂದ ಬಂದಿಳಿದವಳು ಇಪ್ಪತ್ತೇಳು ವರ್ಷ ಉಣ್ಣೆ ಗಿರಣಿಯಲ್ಲಿ ಸವೆದಿದ್ದಳು. ಅಲ್ಲಿ ಆ ದ್ರವ ಕಾಣದೆ ಒಂದು ಮೊಳ ಬಟ್ಟೆಯೂ ಹೊರಬೀಳುತ್ತಿರಲಿಲ್ಲ. ಗಿರಣಿ ಮುಚ್ಚಿತು, ಬೆಳ್ಳಿ ಶೆಡ್ಡು ಸೇರಿ ಒಂಬತ್ತು ವರ್ಷವಾಯಿತು. ತಲೆ ಹೊಸ ಪಾಠ ಕಲಿತರೂ ಕೈ ಕಲಿಯಲಿಲ್ಲ. "ಕುತ್ತಿಗೆ ಹತ್ರ ಚುಚ್ಚತ್ತಮ್ಮ" ಅಂತ ಮಗಳು ಅಂದಿದ್ದೇ ಸಾಕಾಯಿತು ಆ ಹಾಳು ಕೈಗೆ.

ಮಗಳಿಗೆ ಫೋನು ಮಾಡಿದಳು. ಗೋಪುರ ಹತ್ತುವ ಮುಂಚೆ ತಂಡದ ಎಲ್ಲರ ಫೋನೂ ವ್ಯಾನಿನ ಪೆಟ್ಟಿಗೆಯೊಳಗೆ ಹೋಗುತ್ತದೆ. ರಿಂಗಾಯಿತು, ಅಷ್ಟೇ.

ಆ ದಿನ ಮಗಳ ಕೆಲಸವಿದ್ದ ಮೆರೆಡಿತ್ ಊರಿನ ಕಡೆ ಕಾರು ಓಡಿಸಿದಳು. ಹೋದ ಸಲ ಕಾಫಿ ಕುಡಿಯುತ್ತಾ ಮಗಳು "ಐದು ಲಕ್ಷ ವೋಲ್ಟು ಕಣಮ್ಮ" ಎಂದು ನಕ್ಕದ್ದು ನೆನಪಾಯಿತು. ದೇವರ ಹೆಸರು ಅರ್ಧ ಬಾಯಿಗೆ ಬಂದು ಅಲ್ಲೇ ನಿಂತಿತು. ದೂರದಲ್ಲಿ ಗೋಪುರ ಕಂಡಿತು. ಅದರ ತುದಿಯಲ್ಲಿ, ತಂತಿಯ ಪಕ್ಕ, ಬೆಳ್ಳಗೆ ಒಂದು ಆಕೃತಿ. ಅಲುಗಾಡುತ್ತಿರಲಿಲ್ಲ.

ಕಾರಿನ ಬಾಗಿಲು ಮುಚ್ಚದೆ ಹುಲ್ಲಿನಲ್ಲಿ ಓಡಿದಳು. ವ್ಯಾನಿನ ಮೆಟ್ಟಿಲ ಮೇಲೆ ವೆಸ್ನಾ ಸ್ಯಾಂಡ್‌ವಿಚ್ ತಿನ್ನುತ್ತಾ ಕೂತಿದ್ದಳು.

"ಅಮ್ಮ, ನನ್ನ ಸೂಟಿಗೆ ಏನ್ ಹಾಕ್ದೆ? ಹತ್ತೋ ಮುಂಚೆ ಕರೆಂಟು ಹರಿಯತ್ತಾ ಅಂತ ಮೀಟರು ಹಿಡಿದ್ರೆ ಮುಳ್ಳು ಹುಚ್ಚು ಹಿಡಿದ ಹಾಗೆ ಓಡ್ತು. ಆ ವಾಸನೆಗೆ ಇವ್ರೆಲ್ಲ ಹೂವಿನಂಗಡಿ ಅಂತ ಆಡ್ಕೊಳ್ತಿದಾರೆ."

ರೂಜಾ ಹುಲ್ಲಿನ ಮೇಲೆ ಕೂತಳು. ಗೋಪುರದ ಮೇಲಿದ್ದವನು ಬೇರೆ ಯಾರೋ, ವಿಶ್ರಾಂತಿಗೆ ಕೂತಿದ್ದ.

"ನಾನೇ ಕಣೇ. ಮೆದುವಾಗ್ಲಿ ಅಂತ."

ತಂಡದ ಮುಖ್ಯಸ್ಥ ಡಾರಿಲ್ ಬಂದ. "ಬೇರೆ ಸೂಟಿದೆ, ಈಗ ಇವಳ ಸರದಿ. ಇದ್ರ ಬಟ್ಟೆಗೂ ಬೆಳ್ಳಿ ಹಿಡಿಸಿದವಳು ನೀನೇ, ರೂಜಾ. ಮೀಟರು ನೀನೇ ಹಿಡಿ."

ಆ ತಂಡದಲ್ಲಿ ಒಂದು ಪದ್ಧತಿ ಇದೆ. ಮೀಟರು ಹಿಡಿದವರು ಬಾಯಿಬಿಟ್ಟು "ಏರು" ಎನ್ನಬೇಕು. ಅನ್ನದಿದ್ದರೆ ಯಾರೂ ಹತ್ತುವುದಿಲ್ಲ, ಡಾರಿಲ್ ಕೂಡ.

ಮಗಳು ಬೇರೆ ಸೂಟು ತೊಟ್ಟು ನಿಂತಳು. ರೂಜಾ ಟೊಪ್ಪಿಯಿಂದ ಕಾಲುಚೀಲಕ್ಕೆ ಮೀಟರು ಹಿಡಿದಳು. ಸರಿಯಿತ್ತು. ಕೈಯಿಂದ ಕೈಗೆ ಹಿಡಿದಳು. ಸರಿಯಿತ್ತು. ಇನ್ನೊಮ್ಮೆ, ಮತ್ತೊಮ್ಮೆ. ಕುತ್ತಿಗೆಯ ಹೊಲಿಗೆಗೆ ಮೂಗಿಟ್ಟು ಮೂಸಿದಳು. ಬರಿ ಲೋಹದ ವಾಸನೆ. ಒಂಬತ್ತು ವರ್ಷ ಸಾವಿರಾರು ಗಜ ಬಟ್ಟೆಗೆ "ಸರಿ" ಎಂದು ಮುದ್ರೆ ಒತ್ತಿದ್ದಳು, ಒಂದು ದಿನವೂ ಹೀಗೆ ಹೆದರಿರಲಿಲ್ಲ. ಆ ಗಜಗಳೊಳಗೆಲ್ಲ ಯಾರದೋ ಮಕ್ಕಳಿದ್ದರು ಎಂಬುದು ಈಗ ಹೊಳೆಯಿತು.

"ಅಮ್ಮ, ಗಾಳಿ ಏಳೋದ್ರೊಳಗೆ ಹತ್ತಬೇಕು. ಹೇಳು."

"ಬೇಡ" ಎಂದರೆ ಮುಗಿಯಿತು, ಇಬ್ಬರೂ ಮನೆಗೆ ಹೋಗಬಹುದು. ಆದರೆ ಮೀಟರಿನ ಮುಳ್ಳು ಸರಿಯಾದ ಜಾಗದಲ್ಲಿತ್ತು. ಅದನ್ನು ಕಂಡೂ ಸುಳ್ಳು ಹೇಳುವುದು ಅವಳಿಂದಾಗಲಿಲ್ಲ.

"ಏರು," ಅಂದಳು ರೂಜಾ. ಮಗಳು ಏಣಿ ಹಿಡಿದಳು. ಮೇಲಿನ ಕೆಲಸ ಮುಗಿಯುವ ತನಕ ರೂಜಾ ಕತ್ತೆತ್ತಿ ನಿಂತೇ ಇದ್ದಳು, ಮೀಟರನ್ನು ಎದೆಗೆ ಅವುಚಿಕೊಂಡು.